ಫ್ಯಾಫ್ಸಾ ತುಂಬದಿದ್ದರೆ ಡಿಪ್ಲೊಮಾ ಇಲ್ಲವಂತೆ, ನಿಜವೇ?

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಫ್ಯಾಫ್ಸಾ ಬಗ್ಗೆಯೇ ಇವೆ. ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದಲ್ಲಿ ಕಾಲೇಜು ಓದಿಗೆ ಕೇಂದ್ರ ಸರ್ಕಾರದ ನೆರವು ಬೇಕೆಂದರೆ ತುಂಬಬೇಕಾದ ಅರ್ಜಿ ಇದು. ಅದಕ್ಕೆ ಶುಲ್ಕ ಇಲ್ಲ. ವಾಪಸ್ ಕೊಡಬೇಕಾಗಿಲ್ಲದ ಪೆಲ್ ಗ್ರಾಂಟ್, ಸರ್ಕಾರದ ಸಾಲ, ಕ್ಯಾಂಪಸ್ಸಿನ ಕೆಲಸ ಎಲ್ಲಕ್ಕೂ ಇದೇ ಬಾಗಿಲು. ಮೊದಲೆಲ್ಲ ಬೇಕಾದವರು ತುಂಬುತ್ತಿದ್ದರು. 2018ರಲ್ಲಿ ಹೈಸ್ಕೂಲ್ ಮುಗಿಸಿದ ಬ್ಯಾಚಿನಿಂದ ಲೂಸಿಯಾನಾ ರಾಜ್ಯ ಡಿಪ್ಲೊಮಾಕ್ಕೆ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರಕ್ಕೆ, ಇದನ್ನು ಕಡ್ಡಾಯ ಮಾಡಿತು. ಆಮೇಲೆ ಇಲಿನಾಯ್, ಅಲಬಾಮಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಇಂಡಿಯಾನಾ ಹೀಗೆ ಒಂದೊಂದೇ ರಾಜ್ಯ ತನ್ನದೇ ರೀತಿಯಲ್ಲಿ ಆ ದಾರಿ ಹಿಡಿದವು.

ನಾನು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕೌನ್ಸೆಲರ್. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ನನ್ನ ಮೇಜಿನ ಮೇಲೆ ಇದೇ ಕೆಲಸ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಇದಕ್ಕೇ ಇಡುತ್ತಿದ್ದೇನೆ. ಹೆಸರು ಬೇಡ ಎಂದು ಹಲವರು ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಾವಿಬ್ಬರೂ ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಮೇಲೆ ಕೆಲಸದಲ್ಲಿದ್ದೇವೆ, ಸಂಬಳ ಚೆನ್ನಾಗಿದೆ. ಮಗ ಇಲ್ಲೇ ಹುಟ್ಟಿದವನು, ಈ ವರ್ಷ ಸೀನಿಯರ್, ಅಂದರೆ ಹೈಸ್ಕೂಲಿನ ಕೊನೆಯ ವರ್ಷ. ಫ್ಯಾಫ್ಸಾ ತುಂಬದಿದ್ದರೆ ಗ್ರಾಜುಯೇಷನ್ ಇಲ್ಲ ಅಂತ ಸ್ಕೂಲಿನಿಂದ ಇಮೇಲ್ ಮೇಲೆ ಇಮೇಲ್ ಬರುತ್ತಿದೆ. ನಮಗೆ ಏನೂ ಸಿಗಲ್ಲ ಅಂತ ಗೊತ್ತಿದೆ. ಸುಮ್ನೆ ನಮ್ಮ ಟ್ಯಾಕ್ಸ್ ಲೆಕ್ಕ ಯಾಕೆ ಕೊಡಬೇಕು?
— ಒಬ್ಬ ತಂದೆ, ಪ್ಲೇನೋ

ಉತ್ತರ: ಇಮೇಲ್ ಅರ್ಧ ನಿಜ ಹೇಳಿದೆ. ಟೆಕ್ಸಾಸ್ 2019ರಲ್ಲಿ ಈ ಕಾನೂನು ಮಾಡಿತು. 2021-22ರ ಸೀನಿಯರ್‌ಗಳಿಂದ ಜಾರಿಗೆ ಬಂತು. ಆದರೆ ಅದೇ ಕಾನೂನಿನಲ್ಲಿ ಬೇಡ ಎನ್ನುವವರಿಗೂ ದಾರಿ ಇಟ್ಟಿದ್ದಾರೆ. ಆಪ್ಟ್-ಔಟ್ ಫಾರಂ ಅಂತ ಒಂದಿದೆ. ತಂದೆಯೋ ತಾಯಿಯೋ ಸಹಿ ಹಾಕಿದರೆ ಸಾಕು. ಮಗನಿಗೆ 18 ತುಂಬಿದ್ದರೆ ಅವನೇ ಹಾಕಬಹುದು. ಅದನ್ನು ಕೌನ್ಸೆಲರ್ ಕೈಗೆ ಕೊಟ್ಟರೆ ಡಿಪ್ಲೊಮಾಕ್ಕೆ ಯಾವ ಅಡ್ಡಿಯೂ ಇಲ್ಲ. ಈ ಮಾತನ್ನು ಇಮೇಲಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹಾಕುವುದು ತಪ್ಪು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತುಂಬಿಸುವುದು ಎಷ್ಟು ಮುಖ್ಯವೋ ಬೇಡ ಎನ್ನುವವರನ್ನು ಮರ್ಯಾದೆಯಿಂದ ಬಿಡುವುದೂ ಅಷ್ಟೇ ಮುಖ್ಯ.

ಆದರೂ ಸಹಿ ಹಾಕುವ ಮುಂಚೆ ಸ್ವಲ್ಪ ತಡೆಯಿರಿ. ನಿಮ್ಮ ಮಗ ಇಲ್ಲಿನ ಪ್ರಜೆ. ನೆರವಿಗೆ ಅವನ ಪೌರತ್ವ ಲೆಕ್ಕ, ನಿಮ್ಮ ವೀಸಾ ಅಲ್ಲ. ನಿಮ್ಮ ಸಂಬಳಕ್ಕೆ ಪೆಲ್ ಗ್ರಾಂಟ್ ಸಿಗುವುದಿಲ್ಲ ಎನ್ನುವುದು ಸರಿ ಇರಬಹುದು. ಸರ್ಕಾರದ ಸಾಲ ಬೇರೆ ವಿಷಯ. ಅದರಲ್ಲಿ ಒಂದು ಬಗೆಗೆ ಮನೆಯ ಆದಾಯ ಎಷ್ಟಿದ್ದರೂ ಪರವಾಗಿಲ್ಲ. ಮೊದಲ ವರ್ಷದ ಹುಡುಗ ತನ್ನ ಹೆಸರಿನಲ್ಲೇ 5,500 ಡಾಲರ್‌ವರೆಗೆ ತೆಗೆದುಕೊಳ್ಳಬಹುದು. 2025-26ಕ್ಕೆ ಬಡ್ಡಿ ಶೇ. 6.39. ಅಪ್ಪ ಅಮ್ಮನ ಜಾಮೀನು ಕೇಳುವುದಿಲ್ಲ. ಬೇಕಾಗದೇ ಇರಬಹುದು, ಆದರೆ ಫ್ಯಾಫ್ಸಾ ಇಲ್ಲದೆ ಅದು ತೆರೆಯುವುದೇ ಇಲ್ಲ. ತಂದೆ ತಾಯಿ ಹೆಸರಿನಲ್ಲಿ ಕೊಡುವ ಪೇರೆಂಟ್ ಪ್ಲಸ್ ಸಾಲ ಎಚ್-1ಬಿಯವರಿಗೆ ಸಿಗುವುದಿಲ್ಲ. ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. ಕೆಲವು ಕಾಲೇಜುಗಳು ಮಾರ್ಕ್ಸ್ ನೋಡಿ ಕೊಡುವ ಸ್ಕಾಲರ್‌ಶಿಪ್‌ಗೂ ಫ್ಯಾಫ್ಸಾ ಕಡತದಲ್ಲಿ ಇರಬೇಕು ಅನ್ನುತ್ತವೆ.

ನನ್ನನ್ನು ಜಾಸ್ತಿ ಕಾಡುವುದು ಮಾತ್ರ ಬೇರೆ. ಈ ಎರಡು ಮೂರು ವರ್ಷಗಳಲ್ಲಿ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಲೇಆಫ್ ಆಗಿದೆ ಎಂದು ನಿಮಗೂ ಗೊತ್ತು. ಎಚ್-1ಬಿಯವರಿಗೆ ಕೆಲಸ ಹೋದರೆ ಮುಂದಿನ ದಾರಿ ಹುಡುಕಲು ಹೆಚ್ಚೆಂದರೆ 60 ದಿನ. ಈ ಸಲದ ಅರ್ಜಿ 2026-27ಕ್ಕೆ. ಅದು ನೋಡುವುದು 2024ರ ಟ್ಯಾಕ್ಸ್. ಅಂದರೆ ಎರಡು ವರ್ಷ ಹಳೆಯ ಸಂಬಳ. ನಾಳೆ ಕೆಲಸ ಹೋಯಿತು ಅಂದುಕೊಳ್ಳಿ. ಕಾಲೇಜಿನ ಫೈನಾನ್ಷಿಯಲ್ ಏಡ್ ಕಚೇರಿಗೆ ಕಂಪನಿ ಕೊಟ್ಟ ಪತ್ರ ತೋರಿಸಿ, ಈಗಿನ ಆದಾಯದ ಮೇಲೆ ಲೆಕ್ಕ ಮತ್ತೆ ಹಾಕಿ ಅಂತ ಕೇಳಬಹುದು. ಹಾಗೆ ಮಾಡುವ ಅಧಿಕಾರ ಅವರಿಗಿದೆ. ಆದರೆ ಫ್ಯಾಫ್ಸಾನೇ ತುಂಬಿಲ್ಲದಿದ್ದರೆ ಅವರು ತಿದ್ದುವುದು ಏನನ್ನು? ಒಂದು ಸಂಜೆಯ ಕೆಲಸ. ಮಾಡಿಡಿ.

ಪ್ರಶ್ನೆ: ನನ್ನ ಗಂಡ ಬೆಂಗಳೂರಿಗೆ ವಾಪಸ್ ಹೋಗಿ ಮೂರು ವರ್ಷದ ಮೇಲಾಯಿತು. ಡಿವೋರ್ಸ್ ಆಗಿಲ್ಲ, ಆದರೆ ಸಂಪರ್ಕ ಇಲ್ಲ, ದುಡ್ಡೂ ಕಳಿಸುವುದಿಲ್ಲ. ನಾನು ಡೇ-ಕೇರ್‌ನಲ್ಲಿ ಕೆಲಸ ಮಾಡುತ್ತೇನೆ. ವರ್ಷಕ್ಕೆ 31 ಸಾವಿರ ಡಾಲರ್ ಬರುತ್ತದೆ. ನನ್ನದು ಗ್ರೀನ್ ಕಾರ್ಡ್, ಮಗಳು ಇಲ್ಲಿ ಹುಟ್ಟಿದವಳು. ಫಾರಂಗೆ ಅಪ್ಪನ ಸಹಿ ಬೇಕು ಅಂತ ಯಾರೋ ಹೇಳಿದರು. ಅವರ ಹತ್ತಿರ ನಾನು ಕೈಚಾಚಲಾರೆ. ಸರ್ಕಾರದ ಹತ್ತಿರ ಕೇಳುವುದಕ್ಕೂ ನಾಚಿಕೆ ಆಗುತ್ತದೆ. ಬೇಡ ಅಂತ ಸಹಿ ಹಾಕಿ ಕೊಟ್ಟುಬಿಡಲೇ?
— ಒಬ್ಬ ತಾಯಿ, ಇರ್ವಿಂಗ್

ಉತ್ತರ: ಬೇಡ. ದಯವಿಟ್ಟು ಆ ಸಹಿ ಹಾಕಬೇಡಿ. ಈ ಕಡ್ಡಾಯದ ನಿಯಮ ಯಾರಿಗಾಗಿ ಬಂತು ಎಂದು ಕೇಳಿದರೆ ನಿಮ್ಮ ಪತ್ರ ತೋರಿಸುತ್ತೇನೆ.

ನಿಮ್ಮ ಗಂಡನ ಸಹಿ ಬೇಕಾಗಿಲ್ಲ. ಕೋರ್ಟಿನ ಕಾಗದ ಇಲ್ಲದಿದ್ದರೂ ಪರವಾಗಿಲ್ಲ. ಗಂಡ ಹೆಂಡತಿ ಬೇರೆ ಬೇರೆ ಇದ್ದಾರೆ ಎಂದರೆ, ಕಳೆದ ಹನ್ನೆರಡು ತಿಂಗಳಲ್ಲಿ ಮಗುವಿನ ಖರ್ಚು ಯಾರು ಜಾಸ್ತಿ ನೋಡಿಕೊಂಡರೋ ಅವರೊಬ್ಬರೇ ಫಾರಂ ತುಂಬುವುದು. ಅದು ನೀವು. ಫಾರಂನಲ್ಲಿ ನಿಮ್ಮ ವೈವಾಹಿಕ ಸ್ಥಿತಿ ಕೇಳುವ ಕಡೆ 'ಬೇರೆಯಾಗಿದ್ದಾರೆ' ಎನ್ನುವ ಆಯ್ಕೆ ಇದೆ. ಅದನ್ನು ಒತ್ತಿ. ಒಂದೇ ಒಂದು ವಿಷಯ ನೋಡಿಕೊಳ್ಳಿ. 2024ರ ಟ್ಯಾಕ್ಸ್ ನೀವೊಬ್ಬರೇ ಫೈಲ್ ಮಾಡಿದ್ದೀರಾ, ಇಬ್ಬರ ಹೆಸರಿನಲ್ಲೂ ಹೋಗಿದೆಯಾ? ಇಬ್ಬರದ್ದೂ ಸೇರಿ ಹೋಗಿದ್ದರೆ ನಿಮ್ಮ ಡಬ್ಲ್ಯೂ-2 ಕಾಗದ (ಕೆಲಸ ಕೊಟ್ಟವರು ಕೊಡುವ ವರ್ಷದ ಸಂಬಳದ ಲೆಕ್ಕ) ಇಟ್ಟುಕೊಂಡು ಕಾಲೇಜಿನ ಏಡ್ ಕಚೇರಿಗೆ ಒಂದು ಫೋನ್ ಮಾಡಿ. ನಿಮ್ಮ ಪಾಲು ಬೇರೆ ಮಾಡಿ ತೋರಿಸುವುದಕ್ಕೆ ಅವರು ದಾರಿ ಹೇಳುತ್ತಾರೆ.

ಈಗ ದುಡ್ಡಿನ ಮಾತು. ಪೆಲ್ ಗ್ರಾಂಟ್ ಈಗ ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್. ಒಂಟಿ ತಾಯಿಯೋ ತಂದೆಯೋ ಇರುವ ಮನೆಯಾದರೆ, ಆದಾಯ ಸರ್ಕಾರದ ಬಡತನ ರೇಖೆಯ ಶೇ. 225ರ ಒಳಗಿದ್ದರೆ ಪೂರ್ತಿ ಮೊತ್ತ ಸಿಗುತ್ತದೆ. ಇಬ್ಬರೇ ಇರುವ ಮನೆಗೆ ಆ ಗೆರೆ 45 ಸಾವಿರದ ಆಸುಪಾಸು ಬರುತ್ತದೆ. ನೀವು 31 ಸಾವಿರ. ಲೆಕ್ಕ ನೀವೇ ಮಾಡಿ. ಇದಲ್ಲದೆ ಟೆಕ್ಸಾಸ್ ವಿಶ್ವವಿದ್ಯಾಲಯ ವ್ಯವಸ್ಥೆಯವರು 2025ರ ಫಾಲ್ ಸೆಮಿಸ್ಟರಿನಿಂದ ಇನ್ನೊಂದು ಒಳ್ಳೆಯ ಕೆಲಸ ಶುರು ಮಾಡಿದ್ದಾರೆ. ಮನೆಯ ಆದಾಯ ಒಂದು ಲಕ್ಷ ಡಾಲರ್ ಒಳಗಿದ್ದು, ಟೆಕ್ಸಾಸ್ ನಿವಾಸಿಯಾಗಿ ಫುಲ್-ಟೈಮ್ ಓದುವ ಪದವಿ ವಿದ್ಯಾರ್ಥಿಗಳಿಗೆ ಟ್ಯೂಷನ್ ಮತ್ತು ಫೀ ಇಲ್ಲದಂತೆ ಮಾಡುತ್ತಾರೆ. ಆಸ್ಟಿನ್ ಅಷ್ಟೇ ಅಲ್ಲ, ನಿಮ್ಮ ಮನೆಗೆ ಹತ್ತಿರದ ಡಲ್ಲಾಸ್, ಆರ್ಲಿಂಗ್ಟನ್ ಕ್ಯಾಂಪಸ್ಸುಗಳೂ ಅದರಲ್ಲಿವೆ. ಇದಕ್ಕೂ ಮೊದಲ ಮೆಟ್ಟಿಲು ನೆರವಿನ ಅರ್ಜಿಯೇ. ಮಗಳು ಮನೆಯಿಂದಲೇ ಓಡಾಡಿ ಓದಿದರೆ, ಫೀ ಕಳೆದು ನೆರವಿನಲ್ಲಿ ಏನಾದರೂ ಉಳಿದರೆ ಅದು ಪುಸ್ತಕಕ್ಕೂ ಬಸ್ಸಿಗೂ ಊಟಕ್ಕೂ ಒದಗುತ್ತದೆ.

ನಾಚಿಕೆ ಎಂದಿರಿ. ನೀವು ಬೆಳಗ್ಗೆ ಎದ್ದು ಬೇರೆಯವರ ಮಕ್ಕಳನ್ನು ನೋಡಿಕೊಂಡು ಸಂಬಳ ತರುತ್ತೀರಿ. ಪ್ರತಿ ಸಂಬಳದಲ್ಲೂ ಸರ್ಕಾರದ ಪಾಲು ಹಿಡಿದುಕೊಂಡೇ ಕೊಡುತ್ತಾರೆ. ಆ ದುಡ್ಡಿನಲ್ಲಿ ಒಂದು ಭಾಗ ನಿಮ್ಮ ಮಗಳ ಓದಿಗೆ ವಾಪಸ್ ಬರುತ್ತದೆ. ಇದರಲ್ಲಿ ಯಾರ ಮುಂದೆಯೂ ತಲೆ ತಗ್ಗಿಸುವಂಥದ್ದು ಏನಿದೆ? 2021ರಲ್ಲಿ ಹೈಸ್ಕೂಲ್ ಮುಗಿಸಿದ ಮಕ್ಕಳು ಅರ್ಜಿ ಹಾಕದೆ ಬಿಟ್ಟ ಪೆಲ್ ಗ್ರಾಂಟ್ ಸುಮಾರು 375 ಕೋಟಿ ಡಾಲರ್ ಎಂದು ಕಾಲೇಜು ಪ್ರವೇಶದ ಕೆಲಸ ಮಾಡುವ ರಾಷ್ಟ್ರಮಟ್ಟದ ಸಂಸ್ಥೆ ಎನ್‌ಸಿಎಎನ್ ಲೆಕ್ಕ ಹಾಕಿತ್ತು. ಅದು ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಬಿಟ್ಟವರು ಯಾರು? ದುಡ್ಡು ಬೇಡವಾದವರಲ್ಲ. ಪೆಲ್‌ಗೆ ಅರ್ಹರಾದವರು, ಅಂದರೆ ಕೈ ಬಿಗಿ ಇರುವ ಮನೆಯ ಮಕ್ಕಳು. ಇದು ನಮ್ಮಂಥವರಿಗಲ್ಲ, ನಮಗೆ ಸಿಗಲ್ಲ, ಕೇಳಿದರೆ ಅವಮಾನ ಅಂದುಕೊಂಡವರು. ಅವರು ಒಂದು ಸಲವಾದರೂ ಕೂತು ನೋಡಲಿ ಅಂತಲೇ ಈ ಕಡ್ಡಾಯ. ಅದಕ್ಕೇ ನಾನು ಇದರ ಪರ.

ಕೂರುವ ಮುಂಚೆ ಒಂದು ಎಚ್ಚರ. ನಮ್ಮ ಜನ ಸಿಕ್ಕಿಬೀಳುವುದು ಆದಾಯದ ಪುಟದಲ್ಲಲ್ಲ, ಹೆಸರಿನ ಪುಟದಲ್ಲಿ. ಅರ್ಜಿಯ ವೆಬ್‌ಸೈಟಿನಲ್ಲಿ ನಿಮಗೊಂದು, ಮಗಳಿಗೊಂದು ಪ್ರತ್ಯೇಕ ಅಕೌಂಟ್ ಮಾಡಬೇಕು. ಅದರಲ್ಲಿ ಹಾಕುವ ಹೆಸರು ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇರುವಂತೆಯೇ ಇರಬೇಕು, ಒಂದಕ್ಷರ ಆಚೀಚೆ ಆಗಬಾರದು. ನಮ್ಮದೋ, ಇನಿಷಿಯಲ್ ಬಿಡಿಸಿ ಬರೆದರೆ ಅಪ್ಪನ ಹೆಸರು, ಇನ್ನೊಂದು ಬಿಡಿಸಿದರೆ ಊರಿನ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ. ಸರ್‌ನೇಮ್ ಖಾಲಿ ಇದ್ದವರಿಗೆ ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದು ಕೂತಿರುತ್ತದೆ. ಮಗಳು ತನ್ನ ಫಾರಂನಿಂದ ನಿಮಗೆ ಆಹ್ವಾನ ಕಳಿಸುವಾಗ ಈಗ ನಿಮ್ಮ ಇಮೇಲ್ ಬರೆದರೆ ಸಾಕು. ಆದರೆ ಪಾಸ್‌ಪೋರ್ಟ್ ನೋಡಿ ಅಕೌಂಟ್ ಮಾಡಿದ್ದರೆ ಅದು ಕಾರ್ಡಿನ ಹೆಸರಿನ ಜೊತೆ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಕಾರ್ಡನ್ನು ಎದುರಿಗೆ ಇಟ್ಟುಕೊಂಡೇ ಇಬ್ಬರೂ ಟೈಪ್ ಮಾಡಿ. ಇದೊಂದು ಸರಿಹೋದರೆ ಮಿಕ್ಕಿದ್ದು ಸಲೀಸು. ಒಪ್ಪಿಗೆ ಕೊಟ್ಟರೆ ಟ್ಯಾಕ್ಸಿನ ಅಂಕಿಗಳು ತೆರಿಗೆ ಇಲಾಖೆಯಿಂದ ತಾವೇ ಬಂದು ಕೂರುತ್ತವೆ. ಆ ಒಪ್ಪಿಗೆಯನ್ನು ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಫಾರಂ ಹೋದರೂ ಸರ್ಕಾರದ ನೆರವು ಬರುವುದಿಲ್ಲ.

ಮಗಳು ಯಾವ ಯಾವ ಕಾಲೇಜಿಗೆ ಹಾಕಿದ್ದಾಳೋ ಅಷ್ಟೂ ಹೆಸರು ಫಾರಂನಲ್ಲಿ ಸೇರಿಸಿ. 20ರವರೆಗೆ ಜಾಗ ಇದೆ. ಆಮೇಲೆ ಅವಳ ಇಮೇಲ್ ದಿನಾ ನೋಡಲು ಹೇಳಿ, ಸ್ಪ್ಯಾಮ್ ಕೂಡ. ಕಾಲೇಜಿನವರು ಇನ್ನೊಂದು ಕಾಗದ ಕೇಳಿ ಬರೆದದ್ದು ಅಲ್ಲಿ ಬಿದ್ದಿರುತ್ತದೆ.

ನಿಮ್ಮ ಸ್ಕೂಲಿನ ಕೌನ್ಸೆಲರ್‌ಗೆ ಟೈಮ್ ಇಲ್ಲದಿದ್ದರೆ ಪತ್ರಿಕೆಗೆ ಇನ್ನೊಂದು ಸಾಲು ಬರೆಯಿರಿ. ಶನಿವಾರ ಲೈಬ್ರರಿಯಲ್ಲಿ ನಾವು ಕೆಲವರು ಕೂತಿರುತ್ತೇವೆ. ಕನ್ನಡದಲ್ಲೇ ಮಾತಾಡುತ್ತಾ ತುಂಬೋಣ.

ಪ್ರಶ್ನೆ: ದೊಡ್ಡವನು ಮೈಸೂರಿನಲ್ಲಿ ಹುಟ್ಟಿದ್ದು, ಮೂರು ವರ್ಷದವನಿದ್ದಾಗ ಬಂದೆವು. ಅವನದು ಎಚ್-4 (ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾ). ಚಿಕ್ಕವಳು ಇಲ್ಲೇ ಹುಟ್ಟಿದ್ದು. ನಮ್ಮ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿ ವರ್ಷಗಳೇ ಆದವು, ಗ್ರೀನ್ ಕಾರ್ಡ್ ಕ್ಯೂ ಮುಂದೆ ಹೋಗುತ್ತಿಲ್ಲ. ಸ್ಕೂಲಿನಲ್ಲಿ ಎಲ್ಲರೂ ಫ್ಯಾಫ್ಸಾ ಮಾಡಲೇಬೇಕು ಎಂದರಂತೆ. ಮಗ ರಾತ್ರಿ ಕೂತು ಶುರು ಮಾಡಿದ. ಪೌರತ್ವದ ಪ್ರಶ್ನೆ ಬಂದ ಕಡೆ ನಿಂತುಬಿಟ್ಟ. 'ಅಮ್ಮಾ, ನಾನು ಏನು ಅಂತ ಬರೀಲಿ?' ಅಂತ ಕೇಳಿದ. ನನಗೆ ಉತ್ತರ ಗೊತ್ತಾಗಲಿಲ್ಲ. ಸಿಟಿಜನ್ ಅಂತ ಒತ್ತಿ ಮುಂದೆ ಹೋಗು, ಆಮೇಲೆ ಸರಿ ಮಾಡಬಹುದು ಅಂತ ಅವನ ಫ್ರೆಂಡ್ ಹೇಳಿದನಂತೆ.
— ಒಬ್ಬ ತಾಯಿ, ಫ್ರಿಸ್ಕೋ

ಉತ್ತರ: ಮೊದಲು ಆ ಫ್ರೆಂಡ್ ಮಾತು. ಯಾವ ಕಾರಣಕ್ಕೂ ಸಿಟಿಜನ್ ಅಂತ ಒತ್ತಬಾರದು. ಅಮೆರಿಕದ ಪ್ರಜೆ ಎಂದು ಸುಳ್ಳು ಹೇಳಿಕೊಂಡರೆ ಮುಂದೆ ಗ್ರೀನ್ ಕಾರ್ಡ್ ಬಾಗಿಲೇ ಮುಚ್ಚಿಹೋಗಬಹುದು. ಫಾರಂನಲ್ಲಿ ಸುಳ್ಳು ಬರೆದದ್ದಕ್ಕೆ ದಂಡ ಬೇರೆ. ಅಂಥದ್ದೇನಾದರೂ ಈಗಾಗಲೇ ಕಳಿಸಿದ್ದರೆ ಇವತ್ತೇ ಇಮಿಗ್ರೇಷನ್ ವಕೀಲರ ಹತ್ತಿರ ಮಾತಾಡಿ, ನಾಳೆಗೆ ಇಡಬೇಡಿ.

ಎಚ್-4 ಮಕ್ಕಳಿಗೆ ಕೇಂದ್ರದ ನೆರವು ಇಲ್ಲ. ಪೆಲ್ ಇಲ್ಲ, ಸರ್ಕಾರದ ಸಾಲ ಇಲ್ಲ, ವರ್ಕ್-ಸ್ಟಡಿ ಎನ್ನುವ ಕ್ಯಾಂಪಸ್ ಕೆಲಸವೂ ಇಲ್ಲ. ಐ-140 ಅಪ್ರೂವ್ ಆಗಿರುವುದು ಸಾಕಾಗುವುದಿಲ್ಲ, ಕಾರ್ಡ್ ಕೈಗೆ ಬರಬೇಕು. ಹದಿನೈದು ವರ್ಷ ಇದೇ ಊರಿನಲ್ಲಿ ಬೆಳೆದ ಹುಡುಗನಿಗೆ ಒಂದು ಪುಟ 'ನೀನು ಲೆಕ್ಕಕ್ಕಿಲ್ಲ' ಎಂದು ಹೇಳಿದಂತಾಯಿತು. ಅವನು ಕೇಳಿದ ಪ್ರಶ್ನೆ ಓದಿ ನನಗೂ ಸಂಕಟವಾಯಿತು. ಎಲ್ಲರೂ ಮಾಡಲೇಬೇಕು ಎಂದು ಕ್ಲಾಸಿನಲ್ಲಿ ನಿಂತು ಹೇಳುವವರು, ಎದುರಿಗೆ ಎಚ್-4 ಮಕ್ಕಳೂ ಕೂತಿರುತ್ತಾರೆ ಎನ್ನುವುದನ್ನು ಮರೆಯಬಾರದು. ಕಡ್ಡಾಯ ಮಾಡಿದ ಮೇಲೆ, ಯಾರಿಗೆ ಇದು ಅನ್ವಯಿಸುವುದಿಲ್ಲ ಎಂದು ಮೊದಲ ದಿನವೇ ಹೇಳುವ ಜವಾಬ್ದಾರಿ ಸ್ಕೂಲಿನದು.

ಕಾನೂನೂ ಹಾಗೇ ಇದೆ. ಟೆಕ್ಸಾಸ್‌ನಲ್ಲಿ ಫ್ಯಾಫ್ಸಾ ಅಥವಾ ಟಾಸ್ಫಾ, ಇಲ್ಲವೇ ಆಪ್ಟ್-ಔಟ್, ಮೂರರಲ್ಲಿ ಯಾವುದಾದರೂ ಒಂದು ಸಾಕು. ಟಾಸ್ಫಾ ಎನ್ನುವುದು ರಾಜ್ಯದ ಅರ್ಜಿ. ಟೆಕ್ಸಾಸ್ ನಿವಾಸಿ ಎಂದು ಲೆಕ್ಕಕ್ಕೆ ಬರುವ, ಆದರೆ ಫ್ಯಾಫ್ಸಾಕ್ಕೆ ಅರ್ಹರಲ್ಲದ ಮಕ್ಕಳಿಗೆ ಇರುವುದು. ಎಚ್-1ಬಿ, ಎಚ್-4 ಮನೆಗಳು ಇಲ್ಲಿ ನೆಲೆಸಿ ವರ್ಷವಾಗಿದ್ದರೆ ನಿವಾಸಿ ಎನಿಸಿಕೊಳ್ಳಬಹುದು. ಇನ್-ಸ್ಟೇಟ್ ಫೀ (ರಾಜ್ಯದ ನಿವಾಸಿಗಳಿಗೆ ಇರುವ ಕಡಿಮೆ ಫೀ) ಸಿಕ್ಕರೆ ಅದೇ ದೊಡ್ಡ ಉಳಿತಾಯ. ಅದಕ್ಕೇ ನಿಮ್ಮ ಮಗನಿಗೆ ಆಪ್ಟ್-ಔಟ್‌ಗಿಂತ ಟಾಸ್ಫಾ ಮೇಲು. ಯಾವ ಯಾವ ಕಾಗದ ಬೇಕು ಎನ್ನುವುದನ್ನು ಅವನು ಸೇರುವ ಕಾಲೇಜಿನಲ್ಲೇ ಕೇಳಿ.

ಇನ್ನೊಂದು ವಿಷಯವನ್ನು ನಮ್ಮವರು ಮಾತಾಡುವುದನ್ನೇ ಮುಂದೆ ಹಾಕುತ್ತಾರೆ. 21 ತುಂಬಿದ ದಿನಕ್ಕೆ ಎಚ್-4 ಮುಗಿಯುತ್ತದೆ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬರದಿದ್ದರೆ ಎಫ್-1 ಎನ್ನುವ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಬೇಕಾಗಬಹುದು. ಅಂದರೆ ಪದವಿಯ ನಡುವೆಯೇ. ಆಗ ಫೀ ಇನ್-ಸ್ಟೇಟ್ ಆಗಿಯೇ ಇರುತ್ತದೆಯೇ ಎಂದು ಸೇರುವ ಮುಂಚೆಯೇ ರಿಜಿಸ್ಟ್ರಾರ್ ಕಚೇರಿಗೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ಬಾಯಿಮಾತು ಬೇಡ.

ಮಾರ್ಕ್ಸ್ ತುಂಬ ಚೆನ್ನಾಗಿದ್ದರೆ ಖಾಸಗಿ ಕಾಲೇಜುಗಳನ್ನು ದುಬಾರಿ ಎಂದು ದೂರ ಇಡಬೇಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಇಂಥವು ಹೊರದೇಶದ ವಿದ್ಯಾರ್ಥಿಗಳಿಗೂ ಪ್ರವೇಶ ಕೊಡುವಾಗ ದುಡ್ಡು ನೋಡುವುದಿಲ್ಲ, ಸೇರಿದ ಮೇಲೆ ಅಗತ್ಯ ನೋಡಿ ತಮ್ಮ ನಿಧಿಯಿಂದಲೇ ನೆರವು ಕೊಡುತ್ತವೆ. ಸೀಟು ಸಿಗುವುದು ಬಲು ಕಷ್ಟ, ಅದು ಬೇರೆ ಮಾತು. ಇಂಥ ಹಲವು ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಎನ್ನುವ ಬೇರೆ ಅರ್ಜಿ ಕೇಳುತ್ತವೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೂ 16. ಅದರಲ್ಲಿ ವೀಸಾ ಅಡ್ಡ ಬರುವುದಿಲ್ಲ.

ಚಿಕ್ಕವಳ ಸರದಿ ಬಂದಾಗ ಅವಳಿಗೆ ಫ್ಯಾಫ್ಸಾ ಸರಾಗ. ಆದರೆ ಒಂದು ತಿಳಿದಿರಲಿ. ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮೊದಲು ಲೆಕ್ಕದಲ್ಲಿ ಸಿಗುತ್ತಿದ್ದ ರಿಯಾಯಿತಿಯನ್ನು 2024-25ರಿಂದ ತೆಗೆದುಹಾಕಿದ್ದಾರೆ. ಒಂದೇ ಮನೆ, ಒಂದೇ ಸಂಬಳ, ಎರಡು ಫೀ. ಇದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಆಂಟಿ, ನನಗೆ 17 ವರ್ಷ. ನನ್ನ ಪಾರ್ಟ್ ಮುಗಿಸಿ ಅಪ್ಪನಿಗೆ ಇನ್ವೈಟ್ ಕಳಿಸಿದ್ದೀನಿ. ಅಪ್ಪ ತೆರೆಯುವುದೇ ಇಲ್ಲ. 'ಮನೆ ಲೆಕ್ಕ ಮಕ್ಕಳಿಗೆ ಗೊತ್ತಾಗಬಾರದು, ಹೊರಗೂ ಹೋಗಬಾರದು' ಅಂತಾರೆ. ಕೇಳಿದರೆ ಜಗಳ ಆಗುತ್ತೆ. ಏನು ಮಾಡಲಿ?
— ಒಬ್ಬ ವಿದ್ಯಾರ್ಥಿನಿ, ನೇಪರ್‌ವಿಲ್, ಇಲಿನಾಯ್

ಉತ್ತರ: ಪುಟ್ಟಾ, ನೀನು ಕನ್ನಡದಲ್ಲಿ ಬರೆದಿದ್ದು ನೋಡಿ ಖುಷಿಯಾಯಿತು. ಈ ಪುಟವನ್ನು ಅಪ್ಪನ ಕೈಗೆ ಕೊಡು. ಮುಂದಿನ ಮಾತು ಅವರಿಗೇ.

ಸ್ವಾಮಿ, ನಿಮ್ಮ ಸಂಬಳ ಮಗಳಿಗೆ ಕಾಣುವುದಿಲ್ಲ. ಈಗಿನ ಫಾರಂನಲ್ಲಿ ಅವಳ ಭಾಗ ಅವಳ ಅಕೌಂಟಿನಲ್ಲಿ, ನಿಮ್ಮ ಭಾಗ ನಿಮ್ಮ ಅಕೌಂಟಿನಲ್ಲಿ. ತೆರಿಗೆ ಇಲಾಖೆಯಿಂದ ಬರುವ ಅಂಕಿಗಳನ್ನು ಪರದೆಯ ಮೇಲೆ ನಿಮಗೂ ತೋರಿಸುವುದಿಲ್ಲ, ಅವಳಿಗೂ ತೋರಿಸುವುದಿಲ್ಲ. ಆ ಲೆಕ್ಕ ಸರ್ಕಾರದ ಹತ್ತಿರ ಈಗಾಗಲೇ ಇದೆ. ಇಲಿನಾಯ್‌ನಲ್ಲೂ ನಿಮಗೆ ಬೇಡ ಎನ್ನುವ ಹಕ್ಕು ಇದೆ, ಅದಕ್ಕೂ ಒಂದು ಫಾರಂ ಇದೆ. ಆದರೆ ನೀವು ಬೇಡ ಎಂದರೆ ಅದರ ಭಾರ ಬೀಳುವುದು ಅವಳ ಮೇಲೆ. ತಂದೆ ತಾಯಿ ಮಾಹಿತಿ ಕೊಡದಿದ್ದರೆ ಅವಳಿಗೆ ಹೆಚ್ಚೆಂದರೆ ಬಡ್ಡಿ ರಿಯಾಯಿತಿ ಇಲ್ಲದ ಸಾಲ, ಅದೂ ಕಾಲೇಜಿನವರು ಒಪ್ಪಿದರೆ ಮಾತ್ರ. ಅವಳು ಜಗಳ ಬೇಡ ಅಂತ ಪತ್ರಿಕೆಗೆ ಬರೆದಿದ್ದಾಳೆ. ಒಂದು ಅರ್ಧ ಗಂಟೆ ಅವಳ ಪಕ್ಕ ಕೂತುಕೊಳ್ಳಿ.

ಪ್ರಶ್ನೆ: ಮಗ ಸೊಸೆ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಇಲ್ಲಿ ಒಂದು ಸೈಟು ಮಗನ ಹೆಸರಿನಲ್ಲಿದೆ, ವಾಸದ ಮನೆ ನನ್ನ ಹೆಸರಿನಲ್ಲಿದೆ. ಮೊಮ್ಮಗಳ ಓದಿಗೆ ನಾನೂ ಸ್ವಲ್ಪ ಕಳಿಸಬೇಕು ಅಂತ ಆಸೆ. ಅದರಿಂದ ಅವಳಿಗೆ ಸಿಗುವ ನೆರವು ತಪ್ಪಿಹೋಗುತ್ತದೆಯೇ?
— ನಿವೃತ್ತ ನೌಕರರು, ಶಿವಮೊಗ್ಗ

ಉತ್ತರ: ನಮಸ್ಕಾರ ಸಾರ್. ನಿಮ್ಮ ಮನೆ ನಿಮ್ಮದು, ಅದನ್ನು ಬರೆಯಬೇಕಾಗಿಲ್ಲ. ಮಗನ ಹೆಸರಿನ ಸೈಟನ್ನು ಬರೆಯಲೇಬೇಕು. ಭಾರತದಲ್ಲಿದೆ, ಯಾರಿಗೆ ಗೊತ್ತಾಗುತ್ತದೆ ಎನ್ನುವ ಮಾತು ಬೇಡ. ಈಗಿನ ಬೆಲೆಯಲ್ಲಿ ಅದರ ಮೇಲಿನ ಸಾಲ ಕಳೆದು ಡಾಲರ್‌ಗೆ ತಿರುಗಿಸಿ ಹಾಕಬೇಕು. ಅವರು ಅಲ್ಲಿ ವಾಸ ಇರುವ ಮನೆ, ರಿಟೈರ್‌ಮೆಂಟಿಗೆ ಇಟ್ಟ 401-ಕೆ, ಸೊಸೆಯ ಮೈಮೇಲಿನ ಒಡವೆ ಇವನ್ನು ಫ್ಯಾಫ್ಸಾ ಕೇಳುವುದಿಲ್ಲ.

ಅಜ್ಜ ಅಜ್ಜಿ ಕೊಡುವ ದುಡ್ಡನ್ನು ಮೊದಲು ಮಗುವಿನ ಆದಾಯ ಎಂದು ಹಿಡಿಯುತ್ತಿದ್ದರು. 2024-25ರಿಂದ ಆ ಪ್ರಶ್ನೆಯೇ ಇಲ್ಲ. ಆದರೆ ಮೊಮ್ಮಗಳ ಖಾತೆಗೆ ಹಾಕಿ ಬಿಡಬೇಡಿ. ಫಾರಂ ತುಂಬುವ ದಿನ ಅವಳ ಖಾತೆಯಲ್ಲಿರುವ ಹಣದಲ್ಲಿ ಶೇ. 20ನ್ನು ಕಾಲೇಜಿಗೆ ಒದಗುವ ದುಡ್ಡು ಎಂದು ಲೆಕ್ಕ ಹಾಕುತ್ತಾರೆ. ತಂದೆ ತಾಯಿ ಖಾತೆಯಲ್ಲಿದ್ದರೆ ಅದು ಹೆಚ್ಚೆಂದರೆ ಶೇ. 5.64. ಫೀ ಕಟ್ಟುವ ಹೊತ್ತಿಗೆ ನೇರ ಕಾಲೇಜಿಗೇ ಕಳಿಸಿದರೆ ಒಳ್ಳೆಯದು.

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಮೆರಿಕದ ಈ ನಿಯಮ ನಿಮ್ಮ ಅಂಕಣದಲ್ಲೇ ಹಿಂದೆ ಓದಿದ್ದೆ. ನಮ್ಮಲ್ಲೂ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕದೆ ಸ್ಕಾಲರ್‌ಶಿಪ್ ಕಳೆದುಕೊಳ್ಳುವ ಮಕ್ಕಳು ಪ್ರತಿ ವರ್ಷ ಇದ್ದಾರೆ. ನಾವೂ ಕಡ್ಡಾಯ ಮಾಡಿದರೆ ಹೇಗೆ? ಅಲ್ಲಿ ಇದು ನಿಜಕ್ಕೂ ಕೆಲಸ ಮಾಡಿದೆಯೇ?
— ಒಬ್ಬ ಉಪನ್ಯಾಸಕರು, ಹಾಸನ

ಉತ್ತರ: ಮೇಷ್ಟ್ರೇ, ಲೂಸಿಯಾನಾದ ಕಥೆಯನ್ನೇ ಹೇಳುತ್ತೇನೆ. ಕಡ್ಡಾಯ ಮಾಡಿದ ಮೊದಲ ವರ್ಷವೇ ಅಲ್ಲಿ ಅರ್ಜಿ ತುಂಬುವವರ ಪ್ರಮಾಣ ಜೋರಾಗಿ ಏರಿ, ದೇಶದಲ್ಲೇ ಮುಂಚೂಣಿಗೆ ಬಂತು. ಹಾಗಿದ್ದೂ 2024ರ ಮಾರ್ಚ್‌ನಲ್ಲಿ ಅಲ್ಲಿನ ಶಿಕ್ಷಣ ಮಂಡಳಿ ನಿಯಮವನ್ನು ತೆಗೆದುಹಾಕಿತು. ಮನೆಯ ಖಾಸಗಿ ಲೆಕ್ಕ ಕೊಡು ಎಂದು ಡಿಪ್ಲೊಮಾ ಹಿಡಿದುಕೊಂಡು ಒತ್ತಾಯ ಮಾಡಬಾರದು ಎನ್ನುವುದು ಅವರ ವಾದದಲ್ಲಿ ಮುಖ್ಯವಾಗಿತ್ತು. ಸಮಯವೂ ಕೆಟ್ಟದಿತ್ತು. ಫಾರಂ ಸರಳ ಮಾಡುತ್ತೇವೆ ಎಂದು ಕೇಂದ್ರ ಸರ್ಕಾರ ಹೊಸದನ್ನು ತಂದ ವರ್ಷ ಅದು. ಅಕ್ಟೋಬರ್ 1ಕ್ಕೆ ತೆರೆಯಬೇಕಾದದ್ದು 2023ರ ಡಿಸೆಂಬರ್ ಕೊನೆಗೆ ತೆರೆಯಿತು, ಅದೂ ಗಂಟೆಗಟ್ಟಲೆ ಮುಚ್ಚಿಕೊಳ್ಳುತ್ತಾ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ತಂದೆ ತಾಯಂದಿರ ಮಕ್ಕಳಿಗೆ ತಿಂಗಳುಗಟ್ಟಲೆ ಫಾರಂ ಮುಗಿಸುವುದಕ್ಕೇ ಆಗಲಿಲ್ಲ. ನೆಟ್ಟಗೆ ತೆರೆಯದ ಅರ್ಜಿಯನ್ನು ತುಂಬಲಿಲ್ಲ ಎಂದು ಮಕ್ಕಳನ್ನು ಹಿಡಿದು ನಿಲ್ಲಿಸುವುದು ಎಲ್ಲಿಯ ನ್ಯಾಯ? ಈಗ ಪರಿಸ್ಥಿತಿ ಸುಧಾರಿಸಿದೆ. 2026-27ರ ಫಾರಂ 2025ರ ಸೆಪ್ಟೆಂಬರ್ 24ಕ್ಕೇ ತೆರೆಯಿತು.

ನನಗೆ ಜಾಸ್ತಿ ಹಿಡಿಸುವುದು ಕ್ಯಾಲಿಫೋರ್ನಿಯಾದ ದಾರಿ. 2022-23ರಿಂದ ಅಲ್ಲೂ ನಿಯಮ ಇದೆ. ಆದರೆ ಹೊಣೆ ಇರುವುದು ಶಾಲಾ ಜಿಲ್ಲೆಯ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದ, ಮೇಲೆ. ಪ್ರತಿ ಸೀನಿಯರ್ ಅರ್ಜಿ ತುಂಬಿದ್ದಾನೆ ಅಥವಾ ಬೇಡ ಎಂದು ಹೇಳಿದ್ದಾನೆ ಎಂದು ಜಿಲ್ಲೆಯವರು ಖಚಿತಪಡಿಸಿಕೊಳ್ಳಬೇಕು. ತುಂಬಲಿಲ್ಲ ಎಂದು ಹುಡುಗನ ಡಿಪ್ಲೊಮಾ ತಡೆಯುವ ಹಾಗಿಲ್ಲ.

ಹಾಸನದಲ್ಲಿ ಕೂಡ ಕಡ್ಡಾಯ ಮಾಡುವುದಿದ್ದರೆ ಮಕ್ಕಳಿಗಲ್ಲ, ಕಾಲೇಜಿಗೆ ಮಾಡಿ. ನಿಮ್ಮ ಮಕ್ಕಳು ಅರ್ಜಿ ಬೇಡ ಅಂತ ಬಿಡುತ್ತಿಲ್ಲ, ನಡುವೆ ಸಿಕ್ಕಿಹಾಕಿಕೊಂಡು ಬಿಡುತ್ತಾರೆ ಅಲ್ವಾ? ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಳೆಯದಾಗಿರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಓಟಿಪಿ ಬರುವ ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಹೊಲದಲ್ಲಿ. ಎಲ್ಲ ಮುಗಿದ ಮೇಲೂ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ ಎಂದು ದುಡ್ಡು ನಿಂತಿರುತ್ತದೆ. ಇಷ್ಟನ್ನೂ ಒಬ್ಬ ಹದಿನಾರು ವರ್ಷದ ಹುಡುಗಿ ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟು ಒಬ್ಬಳೇ ಸರಿ ಮಾಡಿಸಿಕೊಳ್ಳಬೇಕು ಎಂದರೆ ಆಗುವ ಮಾತಲ್ಲ.

ಅಡ್ಮಿಷನ್ ದಿನ ತಂದೆಯೋ ತಾಯಿಯೋ ಹೇಗೂ ಕಾಲೇಜಿಗೆ ಬಂದಿರುತ್ತಾರೆ. ಅವತ್ತೇ ಪ್ರಮಾಣಪತ್ರ, ಪಾಸ್‌ಬುಕ್, ಆಧಾರ್ ಮತ್ತು ಓಟಿಪಿ ಬರುವ ಫೋನು ತರಲು ಮೊದಲೇ ಹೇಳಿಡಿ. ಕಂಪ್ಯೂಟರ್ ಲ್ಯಾಬಿನಲ್ಲಿ ಎರಡು ಸಿಸ್ಟಮ್ ಅದಕ್ಕೇ ಬಿಡಿ. ಹೆಸರು ಹೊಂದಿಕೆಯಾಗುತ್ತದೆಯೇ, ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೇ ಎಂದು ಅಲ್ಲೇ ನೋಡಿ ಪಟ್ಟಿ ಮಾಡಿಕೊಳ್ಳಿ. ಹೊಂದದವರ ಪಟ್ಟಿ ಹಿಡಿದು ಬ್ಯಾಂಕಿನ ಮ್ಯಾನೇಜರ್‌ಗೆ ಪ್ರಿನ್ಸಿಪಾಲರಿಂದ ಒಂದು ಪತ್ರ ಕೊಡಿಸಿ, ಅವರ ಕಡೆಯವರೊಬ್ಬರು ಅರ್ಧ ದಿನ ಕಾಲೇಜಿಗೇ ಬಂದು ಕೂರಲಿ. ಹೋದ ವರ್ಷ ಅರ್ಜಿ ಹಾಕಿಯೂ ದುಡ್ಡು ಬರದ ಮಕ್ಕಳ ಹೆಸರುಗಳನ್ನು ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಿ. ಅವರ ಕೆಲಸ ಮೊದಲು ಆಗಲಿ.